ಉಳ್ಳಾಗಡ್ಡಿ ಲೋಡು

ಐದು ವರ್ಷ ನಮ್ಮ ಮನೇಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದದ್ದು ನಾನು ಇಲ್ಲದ ಹೊತ್ತಲ್ಲಿ ಮಾತ್ರ. ಹಂಗೆ ಮಾಡು ಅಂತ ನಾನೇನೂ ಹೇಳಿರಲಿಲ್ಲ, ನನ್ನ ಹೆಂಡತಿ ತಾನಾಗೇ ಕಂಡುಕೊಂಡಿದ್ಲು. ಅವಳು ಈಳಿಗೆ ಮಣೆ ಮುಂದೆ ಕೂತ್ಲು ಅಂದ್ರೆ ನಾನು ಚಪ್ಪಲಿ ಮೆಟ್ಕೊಂಡು ಹೊರಗೆ ಹೋಗ್ತಿದ್ದೆ. ಹೋದವನು ನೆಟ್ಟಗೆ ವೈನ್ ಶಾಪಿಗೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ, ಕೇಳಿದ್ರೆ ತಲೆನೋವು ಅಂತಿದ್ದೆ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವನು ನಾನು. ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ನಿಂತು "ನನಗೆ ಉಳ್ಳಾಗಡ್ಡಿ ಹಾಕ್ಬೇಡಪ್ಪ" ಅಂದ್ರೆ ಅಂಗಡಿಯವನು ನನ್ನನ್ನ ಒಂಥರಾ ನೋಡ್ತಿದ್ದ.

ನಾನು ಕ್ರೇನ್ ಆಪರೇಟರ್. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದವರು, ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ. ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಬಡತನ ಇತ್ತು, ಅಪ್ಪನ ಬೆಲ್ಟಿನ ಏಟೂ ಇತ್ತು, ಕುಡಿತ ಮಾತ್ರ ಇರಲಿಲ್ಲ. ನಾನು ಐಟಿಐ ಫಿಟ್ಟರ್ ಮುಗಿಸಿ ಎರಡು ವರ್ಷ ಅಕ್ಕಿ ಗಿರಣಿಯಲ್ಲಿದ್ದೆ. 2009ರಲ್ಲಿ ಬೈಪಾಸ್ ಹತ್ರ ಒಬ್ಬರ ರಿಕವರಿ ಕ್ರೇನಿಗೆ ಸೇರಿಕೊಂಡೆ. ಹೈವೇಲಿ ಮಗುಚಿದ ಲಾರಿ, ಜಜ್ಜಿಹೋದ ಕಾರು ಎತ್ತಿ ಪಕ್ಕಕ್ಕೆ ಹಾಕೋದು ಕೆಲಸ. ಆ ಕಡೆ ಹರಿಹರದ ಹೊಳೆ, ಈ ಕಡೆ ಆನಗೋಡು, ಹೆಬ್ಬಾಳು ಟೋಲ್ ದಾಟಿ ಭರಮಸಾಗರದವರೆಗೆ ನಮ್ಮ ಏರಿಯಾ. ಸರ್ಕಾರ ಆ ರಸ್ತೆಗೆ 48 ಅಂತ ನಂಬರ್ ಕೊಟ್ಟು ಎಷ್ಟೋ ವರ್ಷ ಆಯ್ತು, ನಮ್ಮ ಬಾಯಲ್ಲಿ ಅದು ಇನ್ನೂ ಎನ್‌ಎಚ್ ಫೋರೇ. ರಾತ್ರಿ ಎರಡರಿಂದ ನಾಲ್ಕು ಡ್ರೈವರುಗಳಿಗೆ ಕಣ್ಣು ಎಳೆಯೋ ಹೊತ್ತು. ನಮಗೆ ಫೋನ್ ಬರೋ ಹೊತ್ತು.

ಈ ಲೈನಿನಲ್ಲಿ ಒಂದು ಪದ್ಧತಿ ಇದೆ. ಬರೀ ಗಾಡಿ ಎತ್ತಿದ್ರೆ ಟೀ, ಒಳಗಿಂದ ಹೆಣ ತೆಗೆದ್ರೆ ಕ್ವಾರ್ಟರ್. ಯಾರು ತಂದುಕೊಡ್ತಾರೆ ಅಂತಿಲ್ಲ. ಒಮ್ಮೆ ಓನರ್, ಒಮ್ಮೆ ಲಾರಿ ಕಡೆಯವರು, ಒಮ್ಮೆ ಅಲ್ಲೇ ನಿಂತಿದ್ದ ಯಾರೋ ಪುಣ್ಯಾತ್ಮ. "ಹೊಡಿ ಲೇ ತಮ್ಮ, ಮೈ ಗಟ್ಟಿ ಆಗ್ತೈತೆ" ಅಂತಾರೆ. ಅದರಲ್ಲಿ ಕೆಟ್ಟ ಬುದ್ಧಿ ಯಾರದ್ದೂ ಇಲ್ಲ. ಹೆಣ ಕೊಯ್ಯೋರು, ನಾಲೆಯಲ್ಲಿ ಮುಳುಗಿದವರನ್ನ ಎತ್ತೋರು, ಮ್ಯಾನ್‌ಹೋಲ್ ಇಳಿಯೋರು ಎಲ್ಲರಿಗೂ ಸಿಗೋ ಮರ್ಯಾದೆ ಅದೇ. ಬೇರೆಯವರು ನೋಡಲಾರದ್ದನ್ನ ಮುಟ್ಟಿ ಬಂದವನಿಗೆ ಒಂದು ನೈಂಟಿ ಕೊಟ್ಟು ಅವತ್ತಿನ ಲೆಕ್ಕ ಚುಕ್ತಾ ಮಾಡ್ತಾರೆ. ಏಳು ವರ್ಷ ನಾನೂ ಹಂಗೇ ಕುಡಿದೆ, ಕೆಲಸ ಇದ್ದ ದಿನ ಮಾತ್ರ. ಚಟ ಅಂತ ಯಾರೂ ಅನ್ನಲಿಲ್ಲ, ಚಟ ಆಗಿರಲೂ ಇಲ್ಲ.

2016ರ ಅಕ್ಟೋಬರ್. ಚಳ್ಳಕೆರೆ ಕಡೆಯ ಉಳ್ಳಾಗಡ್ಡಿ ಲೋಡುಗಳು ಓಡೋ ಸೀಸನ್ನು. ರಾತ್ರಿ ಎರಡೂವರೆಗೆ ಫೋನ್ ಬಂತು. ಲೈಟಿಲ್ಲದೆ ನಿಂತಿದ್ದ ಟ್ರೇಲರಿಗೆ ಹಿಂದಿನಿಂದ ಒಂದು ಲಾರಿ ಗುದ್ದಿತ್ತು. ಚೀಲಗಳು ಒಡೆದು ರಸ್ತೆ ತುಂಬ ಉಳ್ಳಾಗಡ್ಡಿ, ಅದರ ಮೇಲೆ ಬಸ್ಸು ಲಾರಿ ಹರಿದು ಚಟ್ನಿ ಆಗಿತ್ತು. ಟ್ಯಾಂಕ್ ಸೀಳಿ ಡೀಸೆಲ್ ಸುರೀತಿತ್ತು. ಕ್ಯಾಬಿನ್ ಒಳಗೆ ಮಡಚಿ ಡ್ರೈವರಿನ ಸೊಂಟದಿಂದ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಹಾರ್ನು ಒತ್ತಿಕೊಂಡುಬಿಟ್ಟಿತ್ತು, ನಿಲ್ಲಿಸೋಣ ಅಂದ್ರೆ ಬ್ಯಾಟರಿ ಬಾಕ್ಸ್ ಟ್ರೇಲರಿನ ಅಡಿ. ಡೀಸೆಲ್ ಇದ್ದಿದ್ದರಿಂದ ಗ್ಯಾಸ್ ಕಟರ್ ಹಚ್ಚೋ ಹಂಗಿಲ್ಲ. ಚೈನ್ ಬ್ಲಾಕ್ ಹಾಕಿ ಎರಡೂ ಕಡೆಯಿಂದ ಎಳೆದು ಬಿಡಿಸಬೇಕು, ಇನ್ನೊಂದು ಕ್ರೇನು ಹರಿಹರದಿಂದ ಬರಬೇಕು. ಅಷ್ಟು ಹೊತ್ತು ನಾನು ಬಾಗಿಲ ಸಂದಿಯಿಂದ ಅವನ ಕೈ ಹಿಡ್ಕೊಂಡು ಕೂತಿದ್ದೆ. ನನ್ನದೇ ವಯಸ್ಸಿನವನು. "ಅಣ್ಣಾ, ಕಾಲು ಐತೇನು ನೋಡು" ಅಂತ ಕೇಳ್ತಿದ್ದ. ಐತೆ ಅಂತಿದ್ದೆ. ಬಿಡಿಸೋ ಹೊತ್ತಿಗೆ ಅವನು ಇರಲಿಲ್ಲ.

ಇಷ್ಟು ಕತೆಯನ್ನ ನಾನು ಎಲ್ಲರಿಗೂ ಹೇಳ್ತಿದ್ದೆ, ಬಾರಿನಲ್ಲಿ ಕೂತು ಜೋರಾಗೇ ಹೇಳ್ತಿದ್ದೆ. ಹೇಳದೆ ಉಳಿಸಿಕೊಂಡಿದ್ದು ಇನ್ನೊಂದು ಚೂರು ಇತ್ತು. ಅದು ಆಮೇಲೆ.

ಅವತ್ತು ಬೆಳಗಿನ ಜಾವ ಓನರ್ ಕ್ವಾರ್ಟರ್ ಕೊಟ್ರು, ಮನೆಗೆ ಬಂದು ಸತ್ತವನ ಹಂಗೆ ಮಲಗಿದೆ. ಮಾರನೇ ರಾತ್ರಿ ಕುಡಿಯದೆ ಮಲಗಿದಾಗ ಎರಡೂವರೆಗೆ ಎದ್ದು ಕೂತೆ. ಮನೆಯೊಳಗೆ ಹಾರ್ನ್ ಹೊಡೀತಿತ್ತು. ಬಾಗಿಲು ತೆಗೆದು ರಸ್ತೆ ನೋಡಿದೆ, ಒಂದು ನಾಯಿ ಮಲಗಿತ್ತು ಅಷ್ಟೇ. ಮೂರನೇ ರಾತ್ರಿಯೂ ಅದೇ. ನಾಲ್ಕನೇ ರಾತ್ರಿ ಮಲಗೋಕೆ ಮುಂಚೆ ನೈಂಟಿ ಹಾಕಿದೆ, ಹಾರ್ನ್ ಬರಲಿಲ್ಲ. ಕುಡಿತದ ಬಗ್ಗೆ ಬರೆಯೋರು ಇದನ್ನ ಬರೆಯಲ್ಲ: ಎಣ್ಣೆ ಕೆಲಸ ಮಾಡ್ತು. ನನಗೆ ಮಜಾ ಬೇಕಿರಲಿಲ್ಲ, ದೋಸ್ತಿಗಳೂ ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ಆರು ತಿಂಗಳಿಗೆ ನೈಂಟಿ ಸಾಲದೆ ಕ್ವಾರ್ಟರ್ ಆಯ್ತು. 2019ರ ಹೊತ್ತಿಗೆ ದಿನಕ್ಕೆ ಮೂರು ಕ್ವಾರ್ಟರ್, ಮೊದಲನೇದು ಬೆಳಿಗ್ಗೆ ಆರಕ್ಕೆ, ಕೈ ನಡುಕ ನಿಲ್ಲಿಸೋಕೆ. ಕ್ರೇನ್ ಲೀವರ್ ಹಿಡಿಯೋನಿಗೆ ಕೈ ನಡುಗೋ ಹಂಗಿಲ್ಲ.

ಬಿಡಿಸೋಕೆ ಮನೆಯವರು ಪಟ್ಟ ಪಾಡು ಒಂದೆರಡಲ್ಲ. ಅವ್ವ ದುಗ್ಗಮ್ಮನಿಗೆ ಹರಕೆ ಹೊತ್ಲು, ದಾರ ಕಟ್ಟಿಸಿದ್ಲು. ಹತ್ತೊಂಬತ್ತು ದಿನ ತಡೆದೆ, ಹತ್ತೊಂಬತ್ತು ರಾತ್ರಿ ಹಾರ್ನ್ ಕೇಳಿದೆ. ಅವ್ವನ ಪ್ರಕಾರ ದೇವಿಯ ಸತ್ಯಕ್ಕೆ ನಾನು ಮೋಸ ಮಾಡಿದೆ. ಆಮೇಲೆ ಹೆಂಡತಿ ಯಾರದೋ ಮಾತು ಕೇಳಿ "ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಅನ್ನೋ ಪುಡಿ ತರಿಸಿದ್ಲು. ಅದನ್ನ ಉಂಡು ಕುಡಿದ ದಿನ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ ಬಚ್ಚಲಲ್ಲಿ ಬಿದ್ದೆ. ಅದರಲ್ಲಿ ಏನಿತ್ತೋ ದೇವರೇ ಬಲ್ಲ. ಡೈಸಲ್ಫಿರಾಂ ಅನ್ನೋ ಮಾತ್ರೆ ಇದೆಯಂತೆ, ಅದನ್ನ ತಗೊಂಡು ಕುಡಿದ್ರೆ ಮದ್ಯ ಮೈಯಲ್ಲಿ ಪೂರ್ತಿ ಕರಗದೆ ಅರ್ಧದಲ್ಲಿ ವಿಷವಾಗಿ ನಿಲ್ಲುತ್ತೆ, ಬಿಪಿ ಬಿದ್ದು ಜೀವಕ್ಕೇ ಕುತ್ತಾಗಬಹುದು, ಅದಕ್ಕೇ ರೋಗಿಗೆ ಹೇಳದೆ ಕೊಡಲೇಬಾರದು ಅಂತ ಡಾಕ್ಟರು ಆಮೇಲೆ ಹೇಳಿದ್ರು. ಅವಳಿಗೆ ಅದನ್ನ ಹೇಳಿದಾಗ ಎರಡು ದಿನ ಊಟ ಬಿಟ್ಟು ಅತ್ಲು.

ಲಾಕ್‌ಡೌನು ಬಂತು, 2020ರ ಮಾರ್ಚ್ ಕೊನೆಗೆ. ಎಣ್ಣೆ ಅಂಗಡಿಗಳೆಲ್ಲ ಮುಚ್ಚಿ ಮತ್ತೆ ತೆಗೆದದ್ದು ಮೇ 4ಕ್ಕೆ. ಮುಚ್ಚಿದ ಮೂರನೇ ದಿನಕ್ಕೆ ನನಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡೆ. ಆ ಮೇಲೆ ಎಲ್ಲೆಲ್ಲಿಂದಲೋ ಏನೇನೋ ತಂದು ಕುಡಿದೆ, ಆ ಮಾತು ಬೇಡ. ಹೇಳಬೇಕಾದ್ದು ಬೇರೆ ಇದೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಬೈಪಾಸ್ ಮೇಲೆ ನಡೆದು ಹೋಗಿ ನಿಂತೆ. ಹತ್ತು ವರ್ಷದಲ್ಲಿ ಆ ರಸ್ತೆಯನ್ನ ಅಷ್ಟು ಖಾಲಿ ನಾನು ನೋಡಿರಲಿಲ್ಲ, ಕಪ್ಪೆ ಕೂಗೋದು ಕೇಳ್ತಿತ್ತು. ಒಂದೇ ಒಂದು ಗಾಡಿ ಇಲ್ಲ, ಹಾರ್ನ್ ಮಾತ್ರ ಹೊಡೀತಾನೇ ಇತ್ತು. ನಾನು ಅಲ್ಲಿಯವರೆಗೆ ಕೆಲಸ ಬಿಟ್ರೆ ಸರಿ ಹೋಗುತ್ತೆ, ಊರು ಬಿಟ್ರೆ ಸರಿ ಹೋಗುತ್ತೆ ಅಂದುಕೊಂಡಿದ್ದೆ. ಅವತ್ತು ಹೆದರಿಕೆ ಆಯ್ತು.

ಮುಂದಿನ ವರ್ಷ ಜನವರಿಯಲ್ಲಿ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಹಾಕಿದ್ರು. ಊರು ಹೆಸರು ಎರಡೂ ಬೇಡ. ರಾತ್ರಿ ಮನೆಗೆ ಜೀಪ್ ತಂದು ಎತ್ತಿಕೊಂಡು ಹೋದ್ರು, ಮೂರು ತಿಂಗಳ ದುಡ್ಡು ಮುಂಚೇನೇ ಕಟ್ಟಿಸಿಕೊಂಡ್ರು. ನಾನು ಎರಡೂವರೆಗೆ ಎದ್ದು ಕೂಗಿದೆ ಅಂತ ಕಿಟಕಿ ಸರಳಿಗೆ ಕೈ ಕಟ್ಟಿದ್ರು. ನಾಟಕ ಮಾಡ್ತಾನೆ, ಎಣ್ಣೆಗೋಸ್ಕರ ಕೂಗ್ತಾನೆ ಅಂದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತದಿಂದ ಬಂದ ತೊಂದರೆಯೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಬರುತ್ತೆ, ರೋಗಿಯನ್ನ ಸರಪಳಿ ಹಾಕಿ ಕಟ್ಟೋದು ನಿಷಿದ್ಧ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಮೂರು ತಿಂಗಳು ಒಂದು ಹನಿ ಕುಡಿಯಲಿಲ್ಲ. ಹೊರಗೆ ಬಂದ ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಕುಡಿದೆ. ಈಗ ಎರಡು ಕನಸು ಬೀಳ್ತಿದ್ವು, ಒಂದು ಲಾರಿದು, ಒಂದು ಕಿಟಕಿದು.

ಆಸ್ಪತ್ರೆ ಸೇರಿದ್ದು ನಾನಾಗಿ ಮನಸ್ಸು ಮಾಡಿಯೇನಲ್ಲ. 2021ರ ನವೆಂಬರ್, ಜ್ವರ ಬಂದು ಎರಡು ದಿನ ಕುಡಿಯೋಕೆ ಆಗಲಿಲ್ಲ. ಎರಡನೇ ದಿನ ಫಿಟ್ಸ್, ಮೂರನೇ ದಿನಕ್ಕೆ ಬುದ್ಧಿ ಹೋಯ್ತು. ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ನಾನು ಏನು ಮಾಡ್ತಿದ್ದೆ ಅಂತ ಹೆಂಡತಿ ಹೇಳಿದ್ದು: ಮಂಚದ ಮೇಲೆ ಕೂತು ಬಲಗೈ ಬೆರಳು ಮೇಲೆ ಮಾಡಿ ತಿರುಗಿಸೋದು, ಅಂದ್ರೆ ಎತ್ತು. ಅಂಗೈ ಕೆಳಗೆ ಮಾಡಿ ಆಡಿಸೋದು, ಇಳಿಸು. ಮುಷ್ಟಿ ಕಟ್ಟೋದು, ನಿಲ್ಸು. ಕ್ರೇನಿನವರ ಸನ್ನೆ. ಗೋಡೆ ತುಂಬ ಉಳ್ಳಾಗಡ್ಡಿ ಚೀಲ ಅಂತಿದ್ದೆನಂತೆ. "ಬಿಡಲ್ಲ, ಕೈ ಬಿಡಲ್ಲ" ಅಂತ ಸಲೈನ್ ಸ್ಟ್ಯಾಂಡನ್ನ ಹಿಡ್ಕೊಂಡು ನರ್ಸಮ್ಮನಿಗೆ ಬಿಡಿಸೋಕೇ ಆಗಿರಲಿಲ್ಲ.

ಆ ಸ್ಥಿತಿಗೆ ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ವರ್ಷಗಟ್ಟಲೆ ದಿನವಿಡೀ ಕುಡಿದ ಮೈ ಒಮ್ಮೆಗೇ ನಿಲ್ಲಿಸಿದ್ರೆ ಆರೆಂಟು ತಾಸಿಗೆ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ನಡುವೆ ಇದು. ಚಿಕಿತ್ಸೆ ಸಿಗದಿದ್ರೆ ಜೀವವೇ ಹೋಗಬಹುದು. ನನಗೆ ಮೊದಲು ಥಯಾಮಿನ್ ಅನ್ನೋ ವಿಟಮಿನ್ ಇಂಜೆಕ್ಷನ್ ಕೊಟ್ಟು ಆಮೇಲೆ ಗ್ಲೂಕೋಸ್ ಹಾಕಿದ್ರು. ವಿಟಮಿನ್ ಇಲ್ಲದ ಮೈಗೆ ಬರೀ ಗ್ಲೂಕೋಸ್ ಹಾಕಿದ್ರೆ ಮಿದುಳಿಗೇ ಪೆಟ್ಟಂತೆ. ನಡುಕ, ಫಿಟ್ಸ್ ತಡೆಯೋ ಲೋರಾಜೆಪಾಮ್ ಮಾತ್ರೆ ದಿನಾ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದ್ರು. ಮನೆಯಲ್ಲಿ ರೂಮಿಗೆ ಕೂಡಿಹಾಕಿ ಬಿಡಿಸ್ತೀವಿ ಅನ್ನೋರು ಯಾರಾದ್ರೂ ಇದ್ರೆ ದಯವಿಟ್ಟು ಇದನ್ನ ಇನ್ನೊಮ್ಮೆ ಓದಿ.

ಆರನೇ ದಿನ ಸೈಕಾಲಜಿಸ್ಟ್ ಮೇಡಂ ಬಂದ್ರು. ಮಗಳ ವಯಸ್ಸಲ್ಲದಿದ್ರೂ ತಂಗಿ ವಯಸ್ಸು. ಹತ್ತು ಪ್ರಶ್ನೆಯ ಒಂದು ಫಾರಂ ತುಂಬಿಸಿದ್ರು, ಆಡಿಟ್ ಅಂತ ಅದರ ಹೆಸರು, ವಿಶ್ವ ಆರೋಗ್ಯ ಸಂಸ್ಥೆಯದು. ನಲವತ್ತಕ್ಕೆ ನನಗೆ 33 ಬಂತು. ಶಾಲೆಯಲ್ಲೂ ಅಷ್ಟು ಮಾರ್ಕು ತಗೊಂಡವನಲ್ಲ ಅಂದೆ, ನಕ್ಕರು. ಬಾಟ್ಲಿ ಮೇಲೆ 42.8 ಪರ್ಸೆಂಟ್ ಅಂತ ಬರೆದಿರುತ್ತಲ್ಲ, ಅದನ್ನ ಲೆಕ್ಕ ಹಾಕಿ ಒಂದು ಕ್ವಾರ್ಟರಿನಲ್ಲಿ, ಅಂದ್ರೆ 180 ಎಂಎಲ್‌ನಲ್ಲಿ, ಅರವತ್ತು ಗ್ರಾಂ ಶುದ್ಧ ಆಲ್ಕೋಹಾಲ್ ಇದೆ ಅಂತ ತೋರಿಸಿದ್ರು. ಮುಂದೆ "ಯಾಕೆ ಕುಡೀತೀರಿ" ಅಂತ ಕೇಳ್ತಾರೆ ಅಂದುಕೊಂಡು ಉತ್ತರ ರೆಡಿ ಇಟ್ಕೊಂಡಿದ್ದೆ. ಅವರು ಕೇಳಿದ್ದು:

"ಅಣ್ಣಾ, ಕುಡೀದೇ ಮಲಗಿದ್ರೆ ರಾತ್ರಿ ಏನಾಗುತ್ತೆ?"

ಐದು ವರ್ಷದಲ್ಲಿ ಯಾರೂ ಅದನ್ನ ಕೇಳಿರಲಿಲ್ಲ. ಅವ್ವ ಕೇಳಿರಲಿಲ್ಲ, ಪೂಜಾರಪ್ಪ ಕೇಳಿರಲಿಲ್ಲ, ಕೇಂದ್ರದ ವಾರ್ಡನ್ ಕೇಳಿರಲಿಲ್ಲ. ಪಕ್ಕದಲ್ಲಿ ಮಲಗಿ ಎಲ್ಲಾ ನೋಡಿದ ಹೆಂಡತಿ ಕೂಡ ಕೇಳಿರಲಿಲ್ಲ, ಕೇಳಿದ್ರೆ ಹೊಡೀತಿದ್ದೆ. ಅದನ್ನೂ ಬರೆಯದೆ ಬಿಡೋ ಹಂಗಿಲ್ಲ. ನಾನು ಅವಳನ್ನ ಹೊಡೆದಿದ್ದೀನಿ, ಮಗಳ ಎದುರಿಗೇ. ಅಪ್ಪನ ಬೆಲ್ಟು ನನ್ನ ಮೈಮೇಲೆ ಉಳಿದ ಹಂಗೆ ಅದು ಅವಳ ತಲೆಯಲ್ಲಿ ಉಳಿದಿರುತ್ತೆ. ಎಣ್ಣೆ ಬಿಟ್ಟೆ ಅಂತ ಅದು ಅಳಿಸಿಹೋಗಲ್ಲ.

ರಾತ್ರಿಯ ಹಾರ್ನಿನ ಕತೆ ಕೇಳಿ ಮೇಡಂ ಅದಕ್ಕೆ ಪಿಟಿಎಸ್‌ಡಿ ಅಂತ ಹೆಸರು ಹೇಳಿದ್ರು, ಅಂದ್ರೆ ಆಘಾತದ ಪೆಟ್ಟು ಮನಸ್ಸಲ್ಲೇ ಉಳಿದುಬಿಡೋ ಕಾಯಿಲೆ. ಆ ಹೆಸರು ಅಮೆರಿಕದ ಮನೋವೈದ್ಯರ ಪುಸ್ತಕಕ್ಕೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಗಲಾಟೆಯ ನಂತರ. ಆ ಸೈನಿಕರಲ್ಲೂ ಬಹಳ ಜನ ಕುಡಿತ, ಮಾದಕಕ್ಕೆ ಬಿದ್ದಿದ್ರು. ನಾನು ಯುದ್ಧ ನೋಡಿದವನಲ್ಲ, ಕ್ರೇನ್ ಓಡಿಸೋನು ಅಂದೆ. "ಮಿದುಳಿಗೆ ಅದು ಗೊತ್ತಾಗಲ್ಲಣ್ಣ" ಅಂದ್ರು. ಜೀವಕ್ಕೆ ಅಪಾಯ ಅನ್ನಿಸಿದಾಗ ಕೂಗೋ ಒಂದು ಗಂಟೆ ತಲೆಯೊಳಗೆ ಇದೆ, ಅದರ ಹೆಸರು ಅಮಿಗ್ಡಲಾ. ಮೂಗಿನ ನರದ ದಾರಿ ಅದಕ್ಕೆ ಬಹಳ ಹತ್ತಿರ. ಅದಕ್ಕೇ ಉಳ್ಳಾಗಡ್ಡಿ ವಾಸನೆ ಯೋಚನೆಗೂ ಮುಂಚೆ ಕಾಲನ್ನ ಎಬ್ಬಿಸುತ್ತೆ. ಎಣ್ಣೆ ಆ ಗಂಟೆಗೆ ಬಟ್ಟೆ ಸುತ್ತುತ್ತೆ. ಕನಸು ಜಾಸ್ತಿ ಬೀಳೋ ನಿದ್ದೆಯನ್ನೂ ಅದುಮುತ್ತೆ. ಬಿಟ್ಟ ಕೂಡಲೇ ಅದುಮಿಟ್ಟ ಕನಸೆಲ್ಲ ನಾಲೆ ಗೇಟ್ ಎತ್ತಿದ ಹಂಗೆ ನುಗ್ಗಿ ಬರುತ್ತೆ. ಹರಕೆಯ ಹತ್ತೊಂಬತ್ತು ರಾತ್ರಿ ನನಗೆ ಆಗಿದ್ದು ಅದು. ದೇವಿಗೆ ಮೋಸ ಮಾಡಿದವನು ಅಂತ ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದು ನೆನೆದು ಸಿಟ್ಟೂ ಬಂತು, ನಗುವೂ ಬಂತು.

ಕುಡಿಯೋರು ಎಷ್ಟೋ ಸಲ ತಮ್ಮ ನೋವಿಗೆ ತಾವೇ ಔಷಧಿ ಹುಡುಕಿಕೊಂಡಿರ್ತಾರೆ ಅನ್ನೋ ವಾದವನ್ನ ಖಾಂಟ್ಜಿಯನ್ ಅನ್ನೋ ಅಮೆರಿಕದ ಡಾಕ್ಟರ್ 1985ರಲ್ಲಿ ಮುಂದಿಟ್ಟಿದ್ದು ಅಂತ ಆಮೇಲೆ ಮೊಬೈಲಲ್ಲಿ ಓದಿದೆ. ಎಲ್ಲ ಕುಡುಕರಿಗೂ ಅದು ಹೊಂದಲ್ಲ. ನನ್ನ ಜೊತೆ ಕ್ರೇನಲ್ಲಿದ್ದ ಇಬ್ಬರು ನಾನು ನೋಡಿದ್ದನ್ನೆಲ್ಲ ನೋಡಿದವರು, ಒಬ್ಬ ಇವತ್ತಿಗೂ ಶನಿವಾರ ಬಿಟ್ಟು ಕುಡಿಯಲ್ಲ, ಇನ್ನೊಬ್ಬ ಕಾಫಿ ಕೂಡ ಮುಟ್ಟಲ್ಲ. ಬೇರೆ ದಾರಿಯಲ್ಲಿ ಚಟಕ್ಕೆ ಬಿದ್ದವರೂ ಇದ್ದಾರೆ. ಆದ್ರೆ ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗನ ಕತೆ ಕೇಳಿದಾಗ ನನಗೆ ಗುಮಾನಿಯೇ ಉಳಿಯಲಿಲ್ಲ. ಜಗಳೂರು ಕಡೆಯವನು, ಇಪ್ಪತ್ತಾರು ವಯಸ್ಸು, ಲಿವರ್ ಊದಿತ್ತು. ಒಂಬತ್ತು ವರ್ಷಕ್ಕೆ ದೂರದ ಊರಿನ ಹೋಟೆಲಿಗೆ ಲೋಟ ತೊಳೆಯೋಕೆ ಹೋದವನು. ಅಲ್ಲಿ ರಾತ್ರಿ ಮಲಗೋ ಅಟ್ಟದ ಮೇಲೆ ಏನು ನಡೀತಿತ್ತು ಅನ್ನೋದನ್ನ ಅರ್ಧ ಹೇಳಿ ಗೋಡೆ ಕಡೆ ತಿರುಗಿದ. ಮೊದಲ ಸಲ ಕುಡಿದದ್ದು ಹನ್ನೆರಡಕ್ಕೆ, ಅಡುಗೆಯವರು ಬಿಟ್ಟ ಗ್ಲಾಸಿನಲ್ಲಿ. "ಅವತ್ತು ಫಸ್ಟ್ ಟೈಮ್ ಭಯ ಆಗ್ಲಿಲ್ಲಣ್ಣ" ಅಂದ.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಫೆಲಿಟ್ಟಿ ಮತ್ತು ಆಂಡಾ ಅನ್ನೋ ಇಬ್ಬರು ಡಾಕ್ಟರು ಸಾವಿರಾರು ದೊಡ್ಡವರನ್ನ ಅವರ ಬಾಲ್ಯದ ಬಗ್ಗೆ ಕೇಳಿ, 1998ರಲ್ಲಿ ಲೆಕ್ಕ ಪ್ರಕಟ ಮಾಡಿದ್ರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡುಕರು, ತಾಯಿಗೆ ಬೀಳೋ ಏಟು ಇಂಥವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಅನುಭವಿಸಿದವರಿಗೆ, ಏನೂ ಇಲ್ಲದವರಿಗಿಂತ ಕುಡಿತ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಜಾಸ್ತಿ ಇತ್ತು. ನನ್ನ ಎಣಿಕೆ ಒಂದಕ್ಕೇ ನಿಲ್ತು, ಬೆಲ್ಟಿಗೆ. ಆ ಹುಡುಗನದು ನಾನು ಎಣಿಸಲಿಲ್ಲ. ಎಣಿಸಿದ್ದು ನನ್ನ ಮಗಳದು.

ಹಿಂದೆ ಎಲ್ಲಾ ಕಡೆ ಒಂದೇ ನಿಯಮ ಹೇಳ್ತಿದ್ರು, ಮೊದಲು ಆರು ತಿಂಗಳು ಕುಡಿಯದೆ ಇದ್ದು ತೋರಿಸು, ಆಮೇಲೆ ಮನಸ್ಸಿನ ವಿಷಯ. ಕಾಲು ಮುರಿದವನಿಗೆ ಮೊದಲು ನಡೆದು ತೋರಿಸು ಅಂದ ಹಂಗೆ. ಮೇಡಂ ಎರಡನ್ನೂ ಒಟ್ಟಿಗೇ ಹಿಡಿದ್ರು. ಲಿವರ್ ಟೆಸ್ಟ್ ನೋಡಿ ಡಾಕ್ಟರು ನಾಲ್ಟ್ರೆಕ್ಸೋನ್ ಶುರು ಮಾಡಿದ್ರು, ಕುಡಿಯೋ ಆಸೆ ತಗ್ಗಿಸೋಕೆ. ಪಿಟಿಎಸ್‌ಡಿಗೆ ಸರ್ಟ್ರಾಲಿನ್ ಬೆಳಿಗ್ಗೆ. ರಾತ್ರಿಗೆ ಪ್ರಾಜೋಸಿನ್, ಅದು ಅಸಲಿಗೆ ಬಿಪಿ ಮಾತ್ರೆ, ಕೆಟ್ಟ ಕನಸಿಗೂ ಕೆಲವರಿಗೆ ಹಿಡಿಯುತ್ತೆ. ಮೊದಲ ವಾರ ಎದ್ದು ನಿಂತ್ರೆ ತಲೆ ಸುತ್ತಿ ಗೋಡೆ ಹಿಡ್ಕೊಳ್ತಿದ್ದೆ. ನೋಡಿದವರು ಮತ್ತೆ ಶುರು ಹಚ್ಕೊಂಡ ಅಂದ್ರು.

ಡಿಸ್ಚಾರ್ಜ್ ಆದ ಮೂರನೇ ವಾರದಿಂದ ಪ್ರತಿ ಗುರುವಾರ ಮೇಡಂ ಹತ್ರ ಹೋಗ್ತಿದ್ದೆ. ಕಣ್ಣು ಮುಚ್ಚಿ ಆ ರಾತ್ರಿಯನ್ನ ಈಗ ನಡೀತಿದೆ ಅನ್ನೋ ಹಂಗೆ ಹೇಳಬೇಕು. "ಹೋದೆ" ಅನ್ನೋ ಹಂಗಿಲ್ಲ, "ಹೋಗ್ತಿದೀನಿ" ಅನ್ನಬೇಕು. ನಡುನಡುವೆ ಸೊನ್ನೆಯಿಂದ ನೂರಕ್ಕೆ ಹೆದರಿಕೆ ಎಷ್ಟು ಅಂತ ಕೇಳ್ತಾರೆ. ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ದಿನಾ ಮನೆಯಲ್ಲಿ ಕೇಳಬೇಕು. ಮೊದಲ ಮೂರು ಗುರುವಾರ ನಾನು ಬಾರಿನ ಕತೆಯನ್ನೇ ಹೇಳಿದೆ. ನಂಬರ್ ಇಳಿಯಲೇ ಇಲ್ಲ, 95, 90, 95. ನಾಲ್ಕನೇ ಸಲ ಮೇಡಂ, "ಕ್ರೇನ್ ಬಂತು ಅಂದ್ರಿ, ಅವನು ಇರಲಿಲ್ಲ ಅಂದ್ರಿ. ಮಧ್ಯದಲ್ಲಿ ನೀವೆಲ್ಲಿದ್ರಿ?" ಅಂದ್ರು.

ಫ್ಯಾನ್ ಸದ್ದು ಕೇಳ್ತಾ ಬಹಳ ಹೊತ್ತು ಕೂತಿದ್ದೆ. ಆಮೇಲೆ ಹೇಳಿದೆ. ಅವನ ಫೋನು ಸ್ಟೇರಿಂಗ್ ಪಕ್ಕ ಬಿದ್ದು ಉರೀತಿತ್ತು, "ಅವ್ವ" ಅಂತ ಬರ್ತಿತ್ತು. "ಎತ್ತಣ್ಣ, ಬರ್ತೀನಿ ಅಂತ ಹೇಳು" ಅಂದ. ನಾನು ಎತ್ತಲಿಲ್ಲ, ಎತ್ತಿ ಏನು ಹೇಳಲಿ? ಅಷ್ಟರಲ್ಲಿ ಓನರ್ ಹುಕ್ಕು ಹಾಕೋಕೆ ಕೂಗಿದ್ರು. ಅವನು ಬಿಗಿಯಾಗಿ ಹಿಡ್ಕೊಂಡಿದ್ದ. ನಾನು ಒಂದೊಂದೇ ಬೆರಳು ಬಿಡಿಸಿ "ಈಗ ಬಂದೆ" ಅಂತ ಹೋದೆ. ಚೈನ್ ಸಿಗಿಸಿ ವಾಪಸ್ ಬರೋಕೆ ನಾಲ್ಕೈದು ನಿಮಿಷ ಆಗಿರಬಹುದು. ಕೈ ಸಂದಿಯಿಂದ ಹೊರಗೆ ಚಾಚಿಕೊಂಡೇ ಇತ್ತು, ಬೆರಳು ಅಗಲವಾಗಿ.

ಮೇಡಂ "ನಿಮ್ಮ ತಪ್ಪಿಲ್ಲ" ಅಂತ ತಕ್ಷಣ ಹೇಳಲಿಲ್ಲ. ಹೇಳಿದ್ರೆ ನಾನು ಎದ್ದು ಹೋಗ್ತಿದ್ದೆ. ಹುಕ್ಕು ಹಾಕೋ ಕೆಲಸ ಬೇರೆ ಯಾರಿಗೆ ಬರ್ತಿತ್ತು ಅಂತ ಕೇಳಿದ್ರು. ಯಾರಿಗೂ ಬರ್ತಿರಲಿಲ್ಲ, ಕ್ಲೀನರ್ ಹೊಸಬ. ಕೈ ಹಿಡ್ಕೊಂಡೇ ಕೂತಿದ್ರೆ ಏನಾಗ್ತಿತ್ತು ಅಂತ ಕೇಳಿದ್ರು. ನನಗೆ ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಮನೆಗೆ ಬಂದು ಆ ರೆಕಾರ್ಡಿಂಗ್ ಕೇಳಿದೆ. ಇಪ್ಪತ್ತು ದಿನ ಕೇಳಿದೆ. 95 ಇದ್ದದ್ದು ಒಂದು ದಿನ 60 ಆಯ್ತು. ಇನ್ನೊಂದು ದಿನ ಕೇಳ್ತಾ ಕೇಳ್ತಾ ಟೀ ಆರಿಹೋಗ್ತಿದೆಯಲ್ಲ ಅಂತ ಯೋಚನೆ ಬಂತು, ಆಗ ನಾಚಿಕೆಯೂ ಆಯ್ತು.

ಸಲೀಸಾಗಿ ಮುಗೀತು ಅಂದುಕೋಬೇಡಿ. 2022ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರೋದು, ಊರಿಗೆ ಊರೇ ನೆಂಟರಿಂದ ತುಂಬಿರುತ್ತೆ. ಹಳೇಪೇಟೆ ಗಲ್ಲಿಯಲ್ಲಿ ಒಂದು ಟೆಂಪೋ ಸಿಕ್ಕಿಹಾಕಿಕೊಂಡು ಅದರವನು ಹಾರ್ನ್ ಮೇಲಿಂದ ಕೈ ಎತ್ತಲೇ ಇಲ್ಲ. ನನಗೆ ಆಮೇಲೆ ನೆನಪಿರೋದು ಭಾವಮೈದನ ಮನೆ ಹಿತ್ತಲು, ಕೈಯಲ್ಲಿ ಪ್ಲಾಸ್ಟಿಕ್ ಲೋಟ. ನಾಲ್ಕು ತಿಂಗಳು ನೀರಲ್ಲಿ ಹೋಮ. ಮೂರು ದಿನ ಕುಡಿದೆ. ನಾಲ್ಕನೇ ದಿನ ಹೆಂಡತಿ ಬೈಯಲಿಲ್ಲ, ಗುರುವಾರ ಅಂತ ನೆನಪಿಸಿದ್ಲು. ಮೇಡಂ ಪೆನ್ನು ತೆಗೆದು "ಹಾರ್ನ್ ಕೇಳಿದ ಮೇಲೆ, ಲೋಟ ಹಿಡಿಯೋಕೆ ಮುಂಚೆ, ಎಷ್ಟು ನಿಮಿಷ ಇತ್ತು?" ಅಂದ್ರು. ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಏನು ಮಾಡಬೇಕು ಅನ್ನೋದರ ಮೇಲೆ ಎರಡು ತಿಂಗಳು ಕೆಲಸ ಮಾಡಿದ್ವಿ. ಅಂಗಾಲನ್ನ ನೆಲಕ್ಕೆ ಒತ್ತೋದು, ಕಣ್ಣಿಗೆ ಕಾಣೋ ಐದು ವಸ್ತು ಹೆಸರಿಸೋದು, ಯಾರಿಗಾದ್ರೂ ಫೋನ್ ಮಾಡೋದು. ಕೇಳೋಕೆ ಮಕ್ಕಳಾಟ. ಈಗ ಟೆಲಿ ಮನಸ್ ಅಂತ 14416 ನಂಬರಿದೆ, 2022ರ ಅಕ್ಟೋಬರಿಂದ, ರಾತ್ರಿ ಎರಡೂವರೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಒಂದು ಸಲ ನಾನೂ ಮಾಡಿದ್ದೀನಿ.

ಕಣ್ಣು ಮುಚ್ಚಿ ಹೇಳೋದರ ಜೊತೆಗೆ ಒಂದು ಪಟ್ಟಿಯೂ ಇತ್ತು. ತಪ್ಪಿಸಿಕೊಂಡು ತಿರುಗ್ತಿದ್ದ ಜಾಗ, ವಾಸನೆ, ಸದ್ದು ಎಲ್ಲವನ್ನೂ ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ ಅಂತ ಬರೆದು ಒಂದೊಂದೇ ಮಾಡಬೇಕು, ಹೆದರಿಕೆ ಅರ್ಧಕ್ಕಿಳಿಯೋವರೆಗೆ ಅಲ್ಲಿಂದ ಏಳಬಾರದು. ಹನ್ನೊಂದು ಇದ್ದವು. ಮೂರನೇದು ನಿಂತ ಲಾರಿಯ ಕ್ಯಾಬಿನ್ನಲ್ಲಿ ಕೂರೋದು. ಆರನೇದು ಉಳ್ಳಾಗಡ್ಡಿ ಮಾರ್ಕೆಟ್. ಅದಕ್ಕೆ ನಾನು ಮೂರು ಸಲ ಹೋಗಿ ಗೇಟಿಂದಲೇ ವಾಪಸ್ ಬಂದೆ. ನಾಲ್ಕನೇ ಸಲ ಒಳಗೆ ಹೋಗಿ ಚೀಲದ ಮೇಲೆ ಕೂತೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಕ್ಕಾಲು ಗಂಟೆ ಕೂತಿದ್ದಕ್ಕೆ ಒಬ್ಬ ಹಮಾಲಣ್ಣ ಬಂದು "ಯಾರಿಗೆ ಕಾಯ್ತಿ ಯಜಮಾನ?" ಅಂದ. ಏನು ಹೇಳಬೇಕೋ ತಿಳೀದೆ ಐದು ಕೇಜಿ ತಗೊಂಡೆ. ಮನೆಯಲ್ಲಿ ಆ ಚೀಲ ನೋಡಿ ಹೆಂಡತಿ ನನ್ನ ಮುಖ ನೋಡಿದ್ಲು, ಏನೂ ಅನ್ನಲಿಲ್ಲ. ಈಳಿಗೆ ತಗೊಂಡ್ಲು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಎರಡು ಗಡ್ಡೆ ಹೆಚ್ಚೋವರೆಗೆ ಕೂತಿದ್ದೆ, ಮೂರನೇದಕ್ಕೆ ಎದ್ದು ಅಂಗಳಕ್ಕೆ ಹೋದೆ. ಅಂಗಳದವರೆಗೆ ಮಾತ್ರ.

ರಾತ್ರಿ ಕೆಲಸ ಬಿಟ್ಟಿದ್ದೀನಿ. ಈಗ ಹೈಡ್ರಾ ಅನ್ನೋ ಸಣ್ಣ ಕ್ರೇನ್ ಓಡಿಸ್ತೀನಿ, ಗಿರಣಿಗೆ ಮೆಷಿನ್ ಇಳಿಸೋದು, ಕಟ್ಟಡಕ್ಕೆ ಕಬ್ಬಿಣ ಎತ್ತೋದು, ಬೆಳಿಗ್ಗೆ ಎಂಟರಿಂದ ಆರು. ಹಳೇ ಕ್ರೇನಿಗೆ ಹೊಸ ಹುಡುಗ ಸೇರಿದ್ದಾನೆ. ಅವನಿಗೆ ಕ್ವಾರ್ಟರ್ ಕೊಡಬೇಡಿ ಅಂತ ಓನರಿಗೆ ಹೇಳೋಕೆ ಹೋದೆ. "ಮತ್ತೇನು ಕೊಡ್ಲಿ ಹೇಳಪ್ಪ" ಅಂದ್ರು, ಚೇಷ್ಟೆಗೆ ಅಂದಿದ್ದಲ್ಲ. ಹೆಣ ಎತ್ತಿದ ಮಾರನೇ ದಿನ ಅವನನ್ನ ಕರ್ಕೊಂಡು ಟೀ ಅಂಗಡಿಗೆ ಹೋಗ್ತೀನಿ. ರಾತ್ರಿ ನಿದ್ದೆ ಬಂತೇನೋ ಅಂತ ಕೇಳ್ತೀನಿ. ಮೊದಲೆರಡು ಸಲ ಬಂತು ಅಂದ. ಮೂರನೇ ಸಲ ಸುಮ್ಮನೆ ಟೀ ಕುಡಿದ.

ಪಟ್ಟಿಯಲ್ಲಿ ಹತ್ತು ಮುಗಿದಿವೆ. ಹನ್ನೊಂದನೇದು ಆ ಲಾರಿ ಡ್ರೈವರಿನ ಊರು. ಕೇಸಿನ ಕಾಗದದಲ್ಲಿ ವಿಳಾಸ ಇತ್ತು, ಬರೆದುಕೊಂಡಿದ್ದೀನಿ. ಬಸ್ಸಿಗೆ ಮೂರು ತಾಸಿನ ದಾರಿ. ಆ ತಾಯಿ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಹೋಗಿ ಏನು ಹೇಳ್ತೀರಿ ಅಂತ ಮೇಡಂ ಕೇಳಿದ್ರು. ಫೋನ್ ನಾನು ಎತ್ತಬೇಕಿತ್ತು ಅಂತ ಹೇಳ್ತೀನಿ ಅಂದೆ. ಹೆದರಿಕೆಯ ನಂಬರ್ ಎಷ್ಟು ಅಂದ್ರು. ನೂರು ಅಂದೆ. ಸರಿ, ಅವಸರ ಇಲ್ಲ ಅಂದ್ರು. ಆ ಹಾಳೆ ಹೈಡ್ರಾದ ಡ್ಯಾಶ್‌ಬೋರ್ಡಲ್ಲಿ ಎಫ್‌ಸಿ, ಇನ್ಶೂರೆನ್ಸ್ ಕಾಗದದ ಜೊತೆ ಮಡಚಿ ಇಟ್ಟಿದ್ದೀನಿ. ಹೋದ ತಿಂಗಳು ಅದಕ್ಕೆ ಗ್ರೀಸ್ ತಾಗಿ ವಿಳಾಸದ ಒಂದು ಸಾಲು ಮಸುಕಾಗಿತ್ತು. ಪೆನ್ನಲ್ಲಿ ಮತ್ತೆ ತಿದ್ದಿ ಬರೆದೆ.